ಹರಾಜಣ್ಣ ಮತ್ತು ನರ್ಸಮ್ಮನ ಪಿಂಗಾಣಿ

ಹರಾಜಿನ ಅಂಗಡಿಯ ಯಜಮಾನನನ್ನು ಬೀದಿಯವರೆಲ್ಲ ಹರಾಜಣ್ಣ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಒಂಟಿ ಗಂಡಸು. ಅಂಗಡಿಯ ಮೇಲಿನ ಮನೆಯಲ್ಲಿ ತಂಗಿಯ ಜೊತೆ ವಾಸ. ಚಿಕ್ಕಂದಿನಿಂದಲೂ ಉಗ್ಗು. ಒಂದು ಮಾತು ಹೊರಡಬೇಕಾದರೆ ಮುಖ ಕೆಂಪೇರಿ ಕುತ್ತಿಗೆಯ ನರ ಉಬ್ಬುತ್ತಿತ್ತು. ಹಾಗಾಗಿ ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರ ಹತ್ತಿರವೂ ತಂಗಿಯೇ ಮಾತಾಡುತ್ತಿದ್ದಳು. ಅಣ್ಣನಿಗೆ ಹಲ್ಲುನೋವೋ ಹೊಟ್ಟೆನೋವೋ ಎಂಬುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು.

ಆದರೆ ಹರಾಜು ಕೂಗುವ ಕಟ್ಟೆ ಹತ್ತಿ ಮರದ ಸುತ್ತಿಗೆ ಹಿಡಿದರೆ ಮನುಷ್ಯನೇ ಬೇರೆ. ಹಿಂದೆ ಹರಾಜು ನಡೆಸುತ್ತಿದ್ದ ಅಪ್ಪ ಕಾಯಿಲೆ ಬಿದ್ದಾಗ ವಿಧಿಯಿಲ್ಲದೆ ತಾನೇ ಹತ್ತಿದ್ದ. ಕೂಗಿನ ಲಯ ಸಿಕ್ಕಿದ್ದೇ ತಡ, ಮಾತು ನೀರಿನಂತೆ ಹರಿಯಿತು. ಅಂದಿನಿಂದ ಕಟ್ಟೆಯ ಮೇಲೆ ಉಗ್ಗು ಅವನ ಹತ್ತಿರ ಸುಳಿದಿರಲಿಲ್ಲ. ಇಳಿದರೆ ಮತ್ತೆ ಅದೇ ಪಾಡು.

ಒಂದು ಬೆಳಿಗ್ಗೆ ನಿವೃತ್ತಳಾದ ನರ್ಸಮ್ಮನೊಬ್ಬಳು ಕೈಗಾಡಿಯಲ್ಲಿ ಪೆಟ್ಟಿಗೆಗಳನ್ನು ಹೇರಿಸಿಕೊಂಡು ಬಂದಳು. ಒಣಹುಲ್ಲು ಸರಿಸಿದರೆ ಒಳಗೆ ಫ್ರಾನ್ಸಿನ ಹಳೇ ಪಿಂಗಾಣಿ. ಅಂಚಿಗೆ ಬಂಗಾರದ ಗೆರೆ, ನಡುವೆ ಉಗುರಿನಷ್ಟು ಗುಲಾಬಿಗಳು, ಮುಚ್ಚಳವಿದ್ದ ದೊಡ್ಡ ಬೋಗುಣಿ. ಅವಳು ಕೊನೆಯವರೆಗೆ ಆರೈಕೆ ಮಾಡಿದ ಮುದುಕಿಯೊಬ್ಬಳು ಅವಳ ಹೆಸರಿಗೆ ಬಿಟ್ಟುಹೋಗಿದ್ದಳಂತೆ.

"ಹನ್ನೆರಡು ಜನಕ್ಕೆ ಬಡಿಸೋ ತಟ್ಟೆ, ಉಣ್ಣೋಳು ನಾನೊಬ್ಬಳು," ಎಂದು ನಕ್ಕಳು. "ಇರೋದೊಂದು ಕೋಣೆ. ಇವುಗಳನ್ನ ಮಂಚದ ಮೇಲೆ ಮಲಗಿಸಿ ನಾನು ನೆಲದ ಮೇಲೆ ಮಲಗಬೇಕಷ್ಟೆ. ಹೇಗಿದೆ ಮಾಲು?"

"ತ... ತುಂ..." ಹರಾಜಣ್ಣ ಶುರು ಮಾಡಿದ.

"ತುಂಬಾ ಚೆನ್ನಾಗಿದೆ ಅಂತಿದಾನೆ," ಎಂದಳು ತಂಗಿ.

"ಅವರೇ ಹೇಳಲಿ ಬಿಡಿ. ನನಗೇನೂ ಅವಸರ ಇಲ್ಲ," ಎಂದು ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತಳು.

ತಂಗಿಯ ಮುಖ ಸಪ್ಪಗಾಯಿತು. ಹರಾಜಣ್ಣ ಬೆವರೊರೆಸಿಕೊಂಡು ಮತ್ತೆ ಶುರು ಮಾಡಿದ. "ತುಂ... ತುಂಬಾ ತೆಳು. ಬೆ... ಬೆಳಕಿಗೆ ಹಿಡಿದ್ರೆ ಬೆರಳು ಕಾಣ್ಸುತ್ತೆ." ಹಿಡಿದು ತೋರಿಸಿದ. ತಟ್ಟೆಯ ಆಚೆ ಅವನ ಬೆರಳುಗಳ ನೆರಳು ಕಂಡಿತು. ಮಗುವಿನಂತೆ ಕಣ್ಣರಳಿಸಿದ ನರ್ಸಮ್ಮ, ತಾನೂ ಒಂದು ತಟ್ಟೆ ಹಿಡಿದು ನೋಡಿದಳು. ತೊಳೆದು ಜೋಡಿಸುವ ನೆಪದಲ್ಲಿ ಮರುದಿನವೂ ಬಂದಳು, ಅದರ ಮರುದಿನವೂ. ಹರಾಜಣ್ಣ ಹೊಸ ಅಂಗಿ ಹೊಲಿಸಿಕೊಂಡ.

ಹರಾಜಿನ ದಿನ ಅವಳು ಮುಂದಿನ ಸಾಲಿನಲ್ಲೇ ಕೂತಳು. ಗಡಿಯಾರ, ಕಪಾಟು, ಕನ್ನಡಿಗಳೆಲ್ಲ ಸಲೀಸಾಗಿ ಹೋದವು. ಪಿಂಗಾಣಿಯ ಸರದಿ ಬಂತು. ಹರಾಜಣ್ಣ ಅವಳತ್ತ ನೋಡಿದ, ಬಾಯಿ ತೆರೆದ. ಮಾತು ಹೊರಡಲಿಲ್ಲ.

"ಫ್ರಾ... ಫ್ರಾ..."

ಹಿಂದೆ ಯಾರೋ ಕಿಸಕ್ಕೆಂದರು. ಕಟ್ಟೆಯ ಮೇಲೆ ಹೀಗಾದದ್ದು ಇದೇ ಮೊದಲು. ಅಣ್ಣನ ಮಾನ ಉಳಿಸಲು ತಂಗಿ ದಡಬಡ ಎದ್ದಳು. ಹರಾಜಣ್ಣನಿಗೆ ಇಳಿದು ಓಡಿಹೋಗೋಣ ಎನಿಸಿತು. ಆದರೂ ಕೈಸನ್ನೆ ಮಾಡಿ ತಂಗಿಯನ್ನು ಕೂರಿಸಿದ. ತಡವರಿಸುತ್ತಲೇ ಸವಾಲು ಕೂಗಲು ಶುರು ಮಾಡಿದ.

ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕೈ ಎತ್ತಿದ. ಹೋಟೆಲಿನ ಯಜಮಾನಿಯೊಬ್ಬಳು ಬೆಲೆ ಏರಿಸಿದಳು. ವ್ಯಾಪಾರಿ ಮತ್ತೆ ಏರಿಸಿದ, ಅವಳು ಸುಮ್ಮನಾದಳು. "ಒಂದು ಸಾರಿ... ಎ... ಎರಡು ಸಾರಿ... ಮೂ... ಮೂ..." ಹರಾಜಣ್ಣ ಮೂರಕ್ಕೆ ಬರುವಷ್ಟರಲ್ಲಿ ಯಜಮಾನಿಯ ಮನಸ್ಸು ತಡೆಯಲಿಲ್ಲ, ಕೈ ಮೇಲೆ ಹೋಯಿತು. ಮುಂದಿನ "ಮೂ..." ಮುಗಿಯುವಷ್ಟರಲ್ಲಿ ವ್ಯಾಪಾರಿಯ ಕೈ. ಹೀಗೇ ನಡೆದು, ಯಾರೂ ಕನಸಿನಲ್ಲೂ ಎಣಿಸದ ಬೆಲೆಗೆ ಮಾಲು ಹೋಟೆಲಿನ ಪಾಲಾಯಿತು.

ವ್ಯಾಪಾರಿ ಸಿಡಿಮಿಡಿಗೊಂಡು ಎದ್ದ. "ಬೇಕಂತಲೇ ಎಳೆದೆ ಕಣಯ್ಯಾ ನೀನು!"

ತಂಗಿ ಬಾಯಿ ತೆರೆದವಳು ಅಣ್ಣನ ಮುಖ ನೋಡಿ ಮುಚ್ಚಿಕೊಂಡಳು. ಹರಾಜಣ್ಣ ಉಸಿರೆಳೆದುಕೊಂಡ. "ಬೇ... ಬೇಕಂತ ಉ... ಉಗ್ಗೋಕೆ ಬರೋದಾಗಿದ್ರೆ, ಬೇ... ಬೇಡ ಅಂದಾಗ ನಿಲ್ಲಿಸೋಕೂ ಬ... ಬರ್ತಿತ್ತಲ್ಲ ಸ್ವಾಮಿ."

ನೆರೆದವರೆಲ್ಲ ನಕ್ಕರು. ಮೊದಲಿನ ನಗುವಲ್ಲ ಅದು. ಕೊನೆಗೆ ವ್ಯಾಪಾರಿಯೂ ಹಲ್ಲು ಬಿಟ್ಟ.

ಜನ ಕರಗಿದ ಮೇಲೆ ನರ್ಸಮ್ಮ ಕಟ್ಟೆಯ ಹತ್ತಿರ ಬಂದಳು. "ನನ್ನಿಂದಲೇ ನಿಮಗೆ ಹೀಗಾಯ್ತೇನೋ."

"ಹೌ... ಹೌದು," ಎಂದ ಹರಾಜಣ್ಣ. "ನಿ... ನಿಮ್ಮನ್ನ ನೋಡಿದೆ, ಲಯ ತಪ್ಪಿಹೋಯ್ತು. ನಾ... ನಾಳೆನೂ ಬರ್ತೀರಾ?"

"ತೊಳೆಯೋಕೆ ಏನೂ ಉಳಿದಿಲ್ಲವಲ್ಲ."

"ಸು... ಸುಮ್ಮನೆ ಬನ್ನಿ."

ಬಂದಳು. ಬರುತ್ತಾ ಬರುತ್ತಾ ಅಲ್ಲೇ ಉಳಿದಳು; ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದರು. ಕಟ್ಟೆಯ ಮೇಲಿನ ಆ ಹಳೇ ಓಘ ಹರಾಜಣ್ಣನಿಗೆ ಪೂರ್ತಿ ಮರಳಲಿಲ್ಲ. ಕೆಲವು ದಿನ ಸಲೀಸು, ಕೆಲವು ದಿನ ಎಡವಟ್ಟು. ಗಿರಾಕಿಗಳು ಮಾತ್ರ ಕಡಿಮೆಯಾಗಲಿಲ್ಲ. ಅಣ್ಣನ ಪರವಾಗಿ ಮಾತಾಡುವ ಕೆಲಸ ತಪ್ಪಿತೆಂದು ತಂಗಿ ಮೊದಮೊದಲು ಮುನಿಸಿಕೊಂಡು, ಅತ್ತಿಗೆಯ ಹತ್ತಿರ ಮುಖ ಊದಿಸಿಕೊಂಡೇ ಓಡಾಡಿದಳು. ಆಮೇಲೆ ಒಂದು ದಿನ, ಯಾರನ್ನೂ ಕೇಳದೆ, ಇಷ್ಟು ವರ್ಷ ಬಿಡುವಿಲ್ಲವೆಂದು ಮುಂದೂಡಿದ್ದ ಈಜು ಕಲಿಯಲು ಹೊರಟಳು.