ಅಧ್ಯಕ್ಷರ ಹೆಂಡತಿಯ ತವರು

ತಳಕಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಎರಡು ಕೋಣೆಯ ದವಾಖಾನೆ ನಡೆಸುತ್ತಿದ್ದರು. ಎರಡು ಸಾವಿರನೇ ಇಸವಿಯ ಸುಮಾರಿಗೆ ಮೂವತ್ತು ತಿಂಗಳು ಗ್ರಾಮ ಪಂಚಾಯ್ತಿ ಅಧ್ಯಕ್ಷರೂ ಆಗಿದ್ದರು. ಇದರಿಂದ ಊರಿಗೆ ಹೇಳಿಕೊಳ್ಳುವಂಥ ಕೆಡುಕೇನೂ ಆಗಲಿಲ್ಲ. ಬೋರ್‌ವೆಲ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ಅಪ್ಪ ಅಭ್ಯಾಸಬಲದಿಂದ, "ಎಷ್ಟು ದಿನದಿಂದ ಐತೆ?" ಎನ್ನುತ್ತಿದ್ದರು. ಆಮೇಲೆ, "ಮೂರು ದಿನ ನೋಡು, ಕಮ್ಮಿ ಆಗ್ಲಿಲ್ಲ ಅಂದ್ರೆ ಬಾ" ಎಂದು ಕಳಿಸುತ್ತಿದ್ದರು. ಅಷ್ಟರಲ್ಲಿ ಕರೆಂಟು ಬಂದು ಕೆಲವು ಬೋರ್‌ವೆಲ್‌ಗಳು ಗುಣವಾಗಿದ್ದೂ ಉಂಟು.

ಕೆಡುಕಾದದ್ದು ನಮ್ಮ ಮನೆಗೆ. ಅಪ್ಪ ಒಂದೇ ಮತದಿಂದ ಸೋಲಿಸಿದ್ದು ಅವ್ವನ ಸ್ವಂತ ಅಣ್ಣನನ್ನು. ಮಾವನದು ಶೇಂಗಾ ಮಿಲ್ಲು, ಅಪ್ಪನಿಗಿಂತ ಮುಂಚೆ ಅಧ್ಯಕ್ಷರಾಗಿದ್ದವರೂ ಅವರೇ. ಸೋತ ದಿನವೇ, "ಇನ್ನ ಆ ಡಾಕ್ಟ್ರ ಹೊಸ್ತಿಲು ತುಳಿಯಲ್ಲ" ಎಂದರು. ಮಾತಿಗೆ ತಪ್ಪುವ ಜನವಲ್ಲ. ಬಿ.ಪಿ. ಮಾತ್ರೆ ಬರೆಸಿಕೊಳ್ಳಲು ಬಸ್ಸು ಹತ್ತಿ ಚಳ್ಳಕೆರೆಗೆ ಹೋಗತೊಡಗಿದರು.

ಅವ್ವನ ತವರು ನಮ್ಮ ಮನೆಯಿಂದ ಮೂರು ಓಣಿ ಆಚೆ. ಆದರೂ ನಾಗರಪಂಚಮಿಗೆ ಅಣ್ಣ ಬಂದು ಕರೆಯದೆ ಹೆಣ್ಣುಮಗಳು ಹೋಗುವಂತಿಲ್ಲ. ಪ್ರತಿವರ್ಷ ಅವ್ವ ಎರಡು ದಿನದ ಬಟ್ಟೆ ಬ್ಯಾಗಿಗೆ ತುಂಬಿಕೊಂಡು ಕಾಯುತ್ತಿದ್ದಳು, ಮಾವ ಜೀಪು ತರುತ್ತಿದ್ದರು. ನಡೆದರೆ ನಾಲ್ಕು ನಿಮಿಷದ ದಾರಿ. ಜೀಪು ಸ್ಟಾರ್ಟ್ ಆಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಅಪ್ಪ ಗೆದ್ದ ವರ್ಷವೂ ಅವ್ವ ಬ್ಯಾಗು ತುಂಬಿದಳು. ಜೀಪು ಬರಲಿಲ್ಲ. ಸಂಜೆ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಪೆಟ್ಟಿಗೆಗೆ ಇಟ್ಟಳು. ನನಗೆ ಮಾವನಿಗಿಂತ ಅಪ್ಪನ ಮೇಲೇ ಸಿಟ್ಟು ಬಂತು. ಆ ಕುರ್ಚಿಯಿಂದ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ.

ಆಗ ನಾನು ಹೈಸ್ಕೂಲಿನ ರಸಪ್ರಶ್ನೆ ಸ್ಪರ್ಧೆಗೆಂದು ಚಳ್ಳಕೆರೆಯ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಮಧ್ಯ ಅಮೆರಿಕದ ಒಂದು ಪುಟ್ಟ ದೇಶದಲ್ಲಿ ನೂರೈವತ್ತು ವರ್ಷದ ಹಿಂದೆ ಒಬ್ಬ ಡಾಕ್ಟರು ಅಧ್ಯಕ್ಷನಾಗಿದ್ದ. ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಅವನ ಹೆಂಡತಿಯ ಅಣ್ಣ. ಕುರ್ಚಿ ಕಳೆದುಕೊಂಡ ಆ ಅಣ್ಣ ಮತ್ತೆ ಅಧಿಕಾರ ಹಿಡಿಯಲು ಬಂದಾಗ ಸಿಕ್ಕಿಬಿದ್ದ, ಡಾಕ್ಟರ ಸರ್ಕಾರವೇ ಅವನನ್ನು ಗುಂಡಿಟ್ಟು ಕೊಂದಿತು. ಬೇಕೆಂದೇ ಇದನ್ನು ಊಟದ ಹೊತ್ತಿಗೆ ಹೇಳಿದೆ.

ಅಪ್ಪ ಮುದ್ದೆ ಮುರಿಯುತ್ತ, "ನಾನೇನ್ ಗುಂಡು ಹೊಡೆಸಿಲ್ಲಲ್ಲ" ಎಂದರು. ತಮ್ಮ ಸೌಮ್ಯ ಆಡಳಿತದ ಬಗ್ಗೆ ಅವರಿಗೆ ಸಮಾಧಾನವಾದಂತಿತ್ತು.

"ಅವನ ಹೆಂಡ್ತಿ ಏನಾದ್ಲು?" ಅವ್ವ ಕೇಳಿದಳು.

"ಅದು ಪುಸ್ತಕದಾಗೆ ಇಲ್ಲವ್ವ."

"ಇರಲ್ಲ ಬಿಡು" ಎಂದು ಅಪ್ಪನ ತಟ್ಟೆಗೆ ಸಾರು ಬಿಟ್ಟಳು.

ಮೂರು ಪಂಚಮಿ ಹೀಗೇ ಕಳೆದವು. ಎರಡನೆಯ ವರ್ಷದಿಂದ ಅವ್ವ ಬ್ಯಾಗು ತುಂಬಲಿಲ್ಲ. ಮೂವತ್ತು ತಿಂಗಳು ಮುಗಿದು, ಮೀಸಲಾತಿ ಬದಲಾಗಿ, ಅಧ್ಯಕ್ಷಗಿರಿ ಬೇರೆಯವರಿಗೆ ಹೋಯಿತು. ಅದಾದ ಮೇಲಿನ ಪಂಚಮಿಗೆ ಜೀಪು ಬಂದು ಬಾಗಿಲಲ್ಲಿ ನಿಂತಿತು. ಅಪ್ಪ ತಾವೇ ಕುರ್ಚಿ ಹಾಕಿದರು. ಗಂಡಸರಿಬ್ಬರೂ ಬಾರದ ಮಳೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಮಾವ, "ಬ್ಯಾಗ್ ತಗಳವ್ವ, ಹೋಗಾನ" ಎಂದರು.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಮುಂದಿನ ಎಲೆಕ್ಷನ್ನಿಗೆ ನಿಲ್ತೀಯೇನಣ್ಣ?"

"ಈಗ್ಯಾಕೆ ಅದು?"

"ಇವ್ರೂ ನಿಲ್ತಾರೆ. ಇವ್ರು ಗೆದ್ರೆ ನೀನು ಕರಿಯಲ್ಲ. ನೀನು ಗೆದ್ರೆ ಇವ್ರು ಕಳಸಲ್ಲ. ಇಬ್ರೂ ನಿಲ್ಲಲ್ಲ ಅಂತ ನನ್ನ ಮುಂದೆ ಹೇಳ್ರಿ, ಉಟ್ಟ ಸೀರೆಯಾಗೇ ಬರ್ತೀನಿ."

ಮಾವ ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದರು. "ಅದು ಬ್ಯಾರೆ ವಿಷ್ಯ ಬಿಡವ್ವ."

"ಹೌದು, ಅದು ಬ್ಯಾರೆ" ಎಂದರು ಅಪ್ಪ.

ಮೂರು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಅವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ, ಬ್ಯಾಗಿನ ಬದಲು ಮೂರು ಲೋಟ ಟೀ ಮಾಡಿ ತಂದಳು. ಒಂದು ಅಣ್ಣನಿಗೆ, ಒಂದು ಗಂಡನಿಗೆ, ಒಂದು ನನಗೆ.