ಅರಿಶಿಣ ಹಚ್ಚಬಾರದಿದ್ದ ಕಾಗದ

ಅವಸರ ನನಗೆ ಹುಟ್ಟಿನಿಂದಲೇ ಅಂಟಿದ್ದು. ಅದರಿಂದ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ, ಆದರೆ ಅದರಿಂದ ನಾಚಿಕೊಂಡಿದ್ದು ಒಂದೇ ಒಂದು ಸಲ.

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನ ಬಟವಾಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ವಧೂವರರ ಕೇಂದ್ರ ನಡೆಸುತ್ತಿದ್ದರು. ನಾನು ಅಲ್ಲಿ ಕಾಗದ ಬರೆಯುವವಳು. ಬರೆಯುವುದು ಅಂದರೆ ದೊಡ್ಡ ಕೆಲಸವೇನಲ್ಲ. ಮೇಷ್ಟ್ರು ಎರಡೇ ಎರಡು ಕಾಗದ ರಚಿಸಿ, ನನ್ನ ಕೈಯಿಂದಲೇ ಸ್ಟೆನ್ಸಿಲ್ ಮೇಲೆ ಬರೆಸಿ, ಸೈಕ್ಲೋಸ್ಟೈಲ್ ಮಾಡಿಸಿ ನೂರಾರು ಪ್ರತಿ ತೆಗೆಸಿ ಕಟ್ಟು ಕಟ್ಟಿ ಇಟ್ಟಿದ್ದರು. ಒಂದು ಒಪ್ಪಿಗೆಯದು, ಇನ್ನೊಂದು ಇಲ್ಲ ಅನ್ನುವುದು. ಎರಡೂ ಶುರುವಾಗುತ್ತಿದ್ದುದು ಒಂದೇ ಥರ. ‘ತಮ್ಮ ಸುಪುತ್ರಿ ಚಿ. ಸೌ.’ ಅಂತ ಇದ್ದು, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ‘ಇವಳ ಜಾತಕ ತಲುಪಿತು, ನಮ್ಮ ಮನೆಮಗಳೆಂದೇ ಭಾವಿಸಿ ಪರಿಶೀಲಿಸಿದೆವು’. ಖಾಲಿ ಜಾಗಗಳಲ್ಲಿ ಹುಡುಗಿಯ ಹೆಸರು, ಹುಡುಗನ ಹೆಸರು, ಅವನ ಊರು ತುಂಬುವುದಷ್ಟೇ ನನ್ನ ಪಾಲು. ಅಚ್ಚಿನ ಬಣ್ಣಕ್ಕೆ ಸರಿಹೊಂದುವ ಕಪ್ಪು ಶಾಯಿ ಕೊಟ್ಟಿದ್ದರು, ಇಡೀ ಕಾಗದ ತಮಗೆಂದೇ ಕೂತು ಬರೆದದ್ದು ಅಂತ ಅನ್ನಿಸಬೇಕು ನೋಡಿ. ಹುಡುಗಿ ಕಪ್ಪಾದರೂ, ಕುಳ್ಳಿಯಾದರೂ, ಇಲ್ಲ ಅನ್ನುವ ಕಾಗದದಲ್ಲಿ ಕಾರಣ ಒಂದೇ: ಜಾತಕ ಕೂಡಿಬರಲಿಲ್ಲ. ಪಟ್ಟಿ ನೋಡುವುದು, ಬರೆಯುವುದು, ಮಗುಚುವುದು. ನನ್ನ ಜಾತಕವೂ ಆಗ ಊರೂರು ತಿರುಗುತ್ತಿತ್ತು. ಆದರೂ ಆ ಹೆಸರುಗಳ ಹಿಂದೆ ಒಬ್ಬೊಬ್ಬಳು ಹುಡುಗಿ ಕೂತಿದ್ದಾಳೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಒಪ್ಪಿಗೆಯ ಕಾಗದಕ್ಕೆ ನಾಲ್ಕು ಮೂಲೆಗೂ ಒದ್ದೆ ಅರಿಶಿಣ ಹಚ್ಚಿ ಕಳಿಸಬೇಕು. ಓದು ಬಾರದ ತಾಯಂದಿರಿಗೂ ಆ ಹಳದಿ ಕಂಡರೆ ಸಾಕು, ಮಿಕ್ಕಿದ್ದು ಓದಿಸುವ ಮುಂಚೆಯೇ ದೇವರ ಮುಂದೆ ಇಟ್ಟು ದೀಪ ಹಚ್ಚಿಬಿಡುತ್ತಿದ್ದರು.

ಅವತ್ತು ಸಂಜೆ ಡಬ್ಬಿಯ ಅಂಚೆ ತೆಗೆಯುವ ಹೊತ್ತಾಗಿತ್ತು. ಅರಿಶಿಣ ಆರುವ ಮುಂಚೆಯೇ ಕಾಗದಗಳನ್ನು ಕವರಿಗೆ ತುರುಕಿ ಓಡಿದೆ. ಕೊನೆಯ ಕವರು ಡಬ್ಬಿಯೊಳಗೆ ಜಾರುವಾಗ ಅದರ ಮೂಲೆಯಲ್ಲಿ ಹಳದಿ ಕಂಡಿತು, ಅದರ ಕೆಳಗೆ ಚೇಳೂರು ಅನ್ನುವ ವಿಳಾಸ. ಚೇಳೂರಿನದು ಇಲ್ಲ ಅನ್ನುವ ಪಟ್ಟಿಯಲ್ಲಿತ್ತು. ಕುಣಿಗಲ್ಲಿನ ಹುಡುಗನ ಕಡೆಯವರು ಬೇಡ ಅಂದಿದ್ದರು. ಅವಸರದಲ್ಲಿ ಅದಕ್ಕೂ ಅರಿಶಿಣ ಹಚ್ಚಿಬಿಟ್ಟಿದ್ದೆ. ಕೈ ಚಾಚಿದೆ, ಆಗಲೇ ಬಿದ್ದುಹೋಗಿತ್ತು.

ಡಬ್ಬಿ ತೆಗೆಯಲು ಬಂದವನನ್ನು ಬೇಡಿಕೊಂಡೆ. ‘ಅಂಗೆಲ್ಲ ಕೊಡಂಗಿಲ್ಲ ಕಣಮ್ಮ, ನನ್ ಕೆಲ್ಸ ಹೋಗ್ತದೆ’ ಅಂದ. ಮೇಷ್ಟ್ರಿಗೆ ಹೇಳುವ ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮನಿಗೆ ಏನೋ ಒಂದು ಸುಳ್ಳು ಹೇಳಿ ಮೊದಲ ಬಸ್ಸಿಗೆ ಗುಬ್ಬಿಗೆ ಹೊರಟೆ. ಆ ಬಸ್ಸಿನ ಟಾಪಿನ ಮೇಲೇ ಅಂಚೆ ಚೀಲ ಏರಿಸಿದರು. ಗುಬ್ಬಿಯಲ್ಲಿ ನಾನು ಇಳಿದೆ, ಚೀಲವೂ ಇಳಿಯಿತು. ನಾನು ಚೇಳೂರಿನ ಬಸ್ಸು ಹತ್ತಿದೆ, ಅದೂ ಹತ್ತಿತು. ತಲೆಯ ಮೇಲೆ ಕೂತು ನನ್ನನ್ನು ಅಣಕಿಸುತ್ತಿದೆ ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಕಾಗದ ವಿಂಗಡಿಸಲು ಚೇಳೂರಿನ ಅಂಚೆಯವರಿಗೆ ಒಂದು ಗಂಟೆಯಾದರೂ ಬೇಕು, ಅಷ್ಟರಲ್ಲಿ ನಾನು ಮನೆ ಮುಟ್ಟಿಬಿಡಬೇಕು ಅಂತ ಮನಸ್ಸಿನಲ್ಲೇ ಓಡುತ್ತಿದ್ದೆ.

ಮನೆ ಊರಾಚೆ ತೋಟದಲ್ಲಿತ್ತು. ಹುಡುಗಿಯ ತಂದೆಯ ಹೆಸರು ಹಿಡಿದು ಕೇಳುತ್ತಾ ಎರಡು ಕಡೆ ದಾರಿ ತಪ್ಪಿದೆ. ರಾಗಿ ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾಗ ಪೋಸ್ಟ್‌ಮ್ಯಾನ್ ಸೈಕಲ್ ತಳ್ಳಿಕೊಂಡು ಎದುರಿಗೆ ಬಂದ. ಕೊಟ್ಟು ವಾಪಸ್ಸು ಬರುತ್ತಿದ್ದ.

ಬಾಗಿಲಲ್ಲೇ ತಾಯಿ ಸಿಕ್ಕಿದಳು. ವಧೂವರರ ಕೇಂದ್ರದಿಂದ ಬಂದೆ ಅಂದಿದ್ದೇ ತಡ, ಮುಖ ಅರಳಿತು. ‘ಬಾರವ್ವ, ಬಾ. ಕಾಗ್ದ ಈಗ್ತಾನೆ ಬಂತು. ನಮ್ಮೆಜಮಾನ್ರು ಗುಬ್ಬಿಗೋಗವ್ರೆ, ಬಂದ್ಮೇಲೆ ಓದುಸ್ತೀನಿ. ಅರಿಸ್ಣ ಐತಲ್ಲ, ಅಷ್ಟು ಸಾಕು ಬುಡು.’ ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ನನಗೆ ಬೆಲ್ಲ, ನೀರು ತರಲು ಅಡುಗೆಮನೆಗೆ ಹೋದಳು.

ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ‘ನಾನು ಓದ್ದೆ ಅಕ್ಕ’ ಅಂದಳು, ಮೆಲ್ಲಗೆ. ‘ಅವ್ವಂಗೆ ಹೇಳಕ್ಕೆ ಬಾಯಿ ಬರ್ನಿಲ್ಲ.’ ಟ್ರಂಕಿನಿಂದ ಇನ್ನೆರಡು ಕಾಗದ ತೆಗೆದು, ದೇವರ ಮುಂದಿದ್ದ ಕಾಗದದ ಜೊತೆ ಸೇರಿಸಿ ನನ್ನ ಕೈಯಲ್ಲಿಟ್ಟಳು. ಮೂರರಲ್ಲೂ ಅದೇ ಮಾತು, ಹುಡುಗನ ಹೆಸರು ಮತ್ತು ಊರು ಮಾತ್ರ ಬೇರೆ. ‘ಮೊದಲ್ನೇದು ಬಂದಾಗ ಮನೆಮಗಳು ಅಂತ ಬರ್ದವ್ರಲ್ಲ, ಎಷ್ಟು ಒಳ್ಳೇವ್ರು ಅಂತ ಅತ್ತಿದ್ದೆ. ಎರಡ್ನೇದು ಬಂದ್ಮೇಲೆ ಗೊತ್ತಾಯ್ತು.’

ತಾಯಿ ಬೆಲ್ಲದ ತಟ್ಟೆ ಹಿಡಿದು ಬಂದಳು. ಇನ್ನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅರಿಶಿಣ ನನ್ನ ತಪ್ಪು, ಕುಣಿಗಲ್ಲಿನವರು ಒಪ್ಪಲಿಲ್ಲ ಅಂತ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆಕೆ ತಟ್ಟೆ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

‘ಮೂರು ಸಲ ಆಯ್ತವ್ವ. ನಮ್ಮುಡ್ಗಿಗೆ ಏನು ಕಮ್ಮಿ ಆಗೈತೆ? ಎಲ್ಲಾನೂ ನೋಡೋಳು ನೀನು, ನೀನಾದ್ರೂ ಹೇಳು.’

‘ಏನೂ ಕಮ್ಮಿ ಇಲ್ಲಮ್ಮ’ ಅಂದೆ. ‘ನಿಮ್ಮ ಮಗಳು...’

ಅಲ್ಲಿಗೆ ನಿಂತೆ. ಹೆಸರು ಬಾಯಿಗೆ ಬರಲಿಲ್ಲ. ಮೂರು ಸಲ ನನ್ನ ಕೈಯಾರೆ ಬರೆದ ಹೆಸರು. ತಾಯಿ ಕಾಯುತ್ತಿದ್ದಳು, ಹುಡುಗಿ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಕಾಗದದಲ್ಲಿ ಹುಡುಕಿ ಓದಿಕೊಂಡೆ.