ಗೋಡೆಗೆ ತಿರುಗಿದ ಕುರ್ಚಿ

ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ನನ್ನ ಗೈಡ್ ಮೇಡಂ ಅವರ ಎಡಗೈ ಕಾಣಿಸುತ್ತಲೇ ಇರಲಿಲ್ಲ. ಬೂದು ಸ್ವೆಟರಿನ ಜೇಬಿನಲ್ಲಿ ಮಣಿಕಟ್ಟಿನವರೆಗೆ ಹುದುಗಿರುತ್ತಿತ್ತು. ಸಾವಿರಾರು ವೋಲ್ಟಿನ ಯಂತ್ರಗಳ ಕಾಲದಲ್ಲಿ ಕಲಿತ ಅಭ್ಯಾಸ ಅದು: ಒಂದೇ ಕೈ ಬಳಸಿದರೆ ಕರೆಂಟು ಎದೆಯನ್ನು ಹಾಯ್ದು ಹೋಗುವುದಿಲ್ಲ. ನಾವು ಬಳಸುತ್ತಿದ್ದದ್ದು ಟಾರ್ಚಿನ ಸೆಲ್ಲುಗಳು ಕೊಡುವಷ್ಟು ವೋಲ್ಟೇಜ್. ಹಾಗೆಂದು ನಾನು ನಕ್ಕರೆ, "ಇರ್ಲಿ ತಂಗಿ, ಕೈ ಹೊರಗ ತಗದ್ರ ನನಗ ಅಂಜಿಕಿ ಆಗ್ತದ" ಎನ್ನುತ್ತಿದ್ದರು.

ಪುಣೆಯಲ್ಲಿ ಎಲ್ಲರ ಜೊತೆ ಮರಾಠಿ, ಮೈಸೂರಿನಿಂದ ಪಿಎಚ್.ಡಿ.ಗೆ ಬಂದ ನನ್ನ ಜೊತೆ ಮಾತ್ರ ಅವರ ಧಾರವಾಡದ ಕನ್ನಡ. ಅಷ್ಟು ಪುಕ್ಕಲು ಜೀವವನ್ನು ನಾನು ಇನ್ನೊಂದು ಕಂಡಿಲ್ಲ. ಲಿಫ್ಟ್ ಹತ್ತುತ್ತಿರಲಿಲ್ಲ. ಭೋಸರಿಯ ವರ್ಕ್‌ಶಾಪಿಗೆ ಹೊರಟರೆ ದಾರಿಯುದ್ದಕ್ಕೂ ಆಟೋದವನಿಗೆ "ಸಾವಕಾಶ ದಾದಾ, ಸಾವಕಾಶ" ಎನ್ನುತ್ತ ಕಂಬಿ ಹಿಡಿದಿರುತ್ತಿದ್ದರು.

ನನ್ನ ಕೆಲಸ ಒಂದು ತೆಳುಪದರದ್ದು. ಕೂದಲಿಗಿಂತ ನೂರಾರು ಪಟ್ಟು ತೆಳ್ಳಗಿನ ಆ ಪದರದೊಳಗೆ ವಿದ್ಯುದಂಶಗಳು ಒಂದು ಕಡೆಗೆ ವಾಲಿಕೊಂಡಿರಬೇಕು; ಎದುರು ದಿಕ್ಕಿಗೆ ವೋಲ್ಟೇಜ್ ಕೊಟ್ಟರೆ ಆ ಕಡೆಗೆ ಹೊರಳಿ, ತೆಗೆದ ಮೇಲೂ ಹಾಗೆಯೇ ಉಳಿಯಬೇಕು. ಹೊರಳುವಾಗ ಹರಿಯುವ ಕರೆಂಟೇ ಅದಕ್ಕೆ ಸಾಕ್ಷಿ. ಎರಡು ವರ್ಷ ಏಗಿದ ಮೇಲೆ ಪರದೆಯಲ್ಲಿ ನಾವು ಕಾಯುತ್ತಿದ್ದ ಗೆರೆ ಉಂಗುರದ ಹಾಗೆ ಮೂಡಿತು. ನಾನು ಊರಿಗೆಲ್ಲ ಫೋನು ಮಾಡಿದೆ. ಮೇಡಂ ನೋಡಿ ಬೆವರಿದರು. "ಭಾಳ ದುಂಡಗದ. ಪದರ ಸೋರಿದ್ರೂ ಹಿಂಗ ಬರ್ತದ."

ಸೋರಿಕೆಯೋ ಹೊರಳುವಿಕೆಯೋ ತಿಳಿಯಲು, ಮೊದಲು ಎಲ್ಲವನ್ನೂ ಒಂದು ಕಡೆ ವಾಲಿಸಿ, ಆಮೇಲೆ ಎದುರು ದಿಕ್ಕಿಗೆ ಎರಡು ಸಲ ತಳ್ಳಬೇಕು. ಮೊದಲ ಸಲಕ್ಕೇ ಎಲ್ಲ ಹೊರಳಿಬಿಡುತ್ತವೆ. ಎರಡನೇ ಸಲಕ್ಕೆ ಹೊರಳಲು ಏನೂ ಉಳಿದಿರುವುದಿಲ್ಲ. ಆಗ ಬರುವುದು ಸೋರಿದ ಕರೆಂಟು ಮಾತ್ರ. ಎರಡೂ ಸಮವಾಗಿ ಬಂದರೆ ಏನೂ ಹೊರಳಿಲ್ಲವೆಂದೇ ಅರ್ಥ. ನನ್ನ ಎರಡು ವರ್ಷ ನೀರುಪಾಲು.

ಮೊದಲ ಸಲ ಗುಂಡಿ ಒತ್ತಿದಾಗ ಕರೆಂಟಿನ ಗೆರೆ ಎತ್ತರಕ್ಕೆ ಹೋಯಿತು. ಎರಡನೆಯದಕ್ಕೆ ನನ್ನ ಬೆರಳು ಏಳಲಿಲ್ಲ. ಅಷ್ಟರಲ್ಲಿ ಮೇಡಂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ಸಿಟ್ಟಾದರೇನೋ ಎಂದುಕೊಂಡೆ.

"ನನಗ ನೋಡ್ಲಿಕ್ಕೆ ಆಗೂದಿಲ್ಲ ತಂಗಿ, ಎದಿ ಡವಡವ ಅಂತದ. ನೀ ನೋಡು. ಇದ್ದದ್ದು ಇದ್ಹಾಂಗ ಹೇಳು."

ಒತ್ತಿದೆ. "ಎರಡೂ ಒಂದೇ ಮೇಡಂ," ಎಂದೆ.

ಅವರು ಎದ್ದರು. "ಹೋಗ್ಲಿ. ಚಹಾ ಕುಡಿಯೂಣು ನಡಿ. ನಾಳೆ ಹೊಸಾದು ಮಾಡೂಣು." ಮಾಡಿದೆವು. ಬಹಳ ತಿಂಗಳ ಮೇಲೆ ಒಂದು ಪದರ ನಿಜವಾಗಿ ಹೊರಳಿತು.

ಆಮೇಲೆ ಮೇಡಂಗೆ ಕ್ಯಾನ್ಸರ್ ಆಯಿತು. ಚಿಕಿತ್ಸೆ ಮುಗಿದು ಮೊದಲ ಸ್ಕ್ಯಾನ್ ಚೊಕ್ಕವಾಗಿ ಬಂದಾಗ ನಾನು ಜಿಲೇಬಿ ತಂದೆ. ಅವರು ಮುಟ್ಟಲಿಲ್ಲ. "ತಡಿ, ಎರಡನೇದು ಬರ್ಲಿ." ಅಂದಿನಿಂದ ನನಗೂ ನೆಮ್ಮದಿಯಿಲ್ಲ; ಅವರ ಫೋನು ಸದ್ದು ಮಾಡಿದರೆ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದೆ.

ಎರಡನೆಯ ವರದಿ ಬಂದದ್ದೂ ಪ್ರಯೋಗಾಲಯದಲ್ಲಿ ಇದ್ದಾಗಲೇ. ಮೇಡಂ ಅದನ್ನು ತೆರೆಯದೆ ಮೊಬೈಲನ್ನು ನನ್ನ ಕೈಗಿಟ್ಟು, ಕುರ್ಚಿಯನ್ನು ಗೋಡೆಗೆ ತಿರುಗಿಸಿದರು. ಓದಿದೆ. ಏನೂ ಇಲ್ಲವಂತೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಇದ್ಹಾಂಗ ಹೇಳು," ಎಂದರು ಆ ಕಡೆಯಿಂದಲೇ.

"ಮತ್ತೆ ಬಂದಿದೆ ಮೇಡಂ. ಲಿವರಿನಲ್ಲೂ ಇದೆ."

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಮೇಡಂ ಹೋದರು. ಈಗ ಅದೇ ಕೋಣೆಯಲ್ಲಿ ನಾನು ಕಲಿಸುತ್ತೇನೆ. ಎರಡನೇ ಸಲ ಒತ್ತುವಾಗಲೆಲ್ಲ ಇಂದಿಗೂ ಆ ವರದಿಯ ದಿನ ನೆನಪಾಗುತ್ತದೆ. ನನ್ನ ಮಾತು ಕೇಳಿ ಮೇಡಂ ಕುರ್ಚಿಯನ್ನು ಈಚೆಗೆ ತಿರುಗಿಸಿದರು. ಜೇಬಿನಿಂದ ಎಡಗೈ ತೆಗೆದರು. ನನ್ನ ಕೈಯನ್ನು ಹಿಡಿದುಕೊಂಡರು, ಎರಡೂ ಕೈಯಿಂದ.